ಕಪ್ಪು ಕುಟುಂಬದ ಫೈಲು ನಿಮ್ಮ ಕೈಗೆ ಬಂದಾಗ: ಟೊರಾಂಟೋದಲ್ಲಿ ಸೋಶಿಯಲ್ ವರ್ಕ್ ಶುರು ಮಾಡ್ತಿರೋ ಕನ್ನಡದವ್ರಿಗೆ

ಮೈಸೂರು, ಧಾರವಾಡ, ಬೆಂಗಳೂರು ಕಡೆ ಓದ್ಕೊಂಡು ಇಲ್ಲಿಗೆ ಬಂದು ಎಂಎಸ್‌ಡಬ್ಲ್ಯೂ (ಸೋಶಿಯಲ್ ವರ್ಕ್‌ನಲ್ಲಿ ಮಾಸ್ಟರ್ಸ್) ಮಾಡ್ತಿರೋ ಹುಡುಗ್ರು ಹುಡುಗೀರು ಆಗಾಗ ನಂಗೆ ಮೆಸೇಜ್ ಮಾಡ್ತಾರೆ, ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಮಾಲ್ವರ್ನ್‌ನಲ್ಲೋ ಜೇನ್-ಫಿಂಚ್‌ನಲ್ಲೋ ರೆಕ್ಸ್‌ಡೇಲ್‌ನಲ್ಲೋ ಪ್ಲೇಸ್‌ಮೆಂಟ್, ಅಂದ್ರೆ ಓದಿನ ಭಾಗವಾದ ತರಬೇತಿ ಕೆಲಸ, ಹಾಕಿದಾರೆ, ಬರೋ ಕುಟುಂಬಗಳಲ್ಲಿ ತುಂಬಾ ಜನ ಕಪ್ಪು ಸಮುದಾಯದವ್ರು, ಕ್ಲಾಸಲ್ಲಿ ಆಂಟಿ-ಒಪ್ರೆಸಿವ್ ಪ್ರಾಕ್ಟೀಸ್ (ದಬ್ಬಾಳಿಕೆಗೆ ಎದುರಾಗಿ ಕೆಲಸ ಮಾಡೋ ರೀತಿ) ಅಂತ ಒಂದು ಸೆಮಿಸ್ಟರ್ ಪೂರ್ತಿ ಓದಿದೀವಿ, ಆದ್ರೆ ಸೋಮವಾರ ಬೆಳಿಗ್ಗೆ ಟೇಬಲ್ ಮೇಲೆ ಫೈಲ್ ಬಂದು ಕೂತಾಗ ಮಾಡೋದೇನು ಅಂತ.

ಆ ಫೈಲಿಂದಾನೇ ಶುರು ಮಾಡಿ ಅಂತೀನಿ ನಾನು. ನಮ್ಮ ಕೆಲಸದಲ್ಲಿ ಅಧಿಕಾರ ಇರೋದು ಬರವಣಿಗೇಲಿ. ನೀವು ಬರೆದ ಒಂದು ಸಾಲನ್ನ ನಾಳೆ ಸೂಪರ್ವೈಸರ್ ಓದ್ತಾರೆ, ನಾಡಿದ್ದು ಕೋರ್ಟಲ್ಲಿ ಜಡ್ಜ್ ಓದ್ತಾರೆ, ಐದು ವರ್ಷ ಆದ್ಮೇಲೆ ಆ ತಾಯಿ ಹೆಸ್ರೇ ಕೇಳಿರದ ಇನ್ನೊಬ್ಬ ವರ್ಕರ್ ಓದಿ ಓ ಇವ್ರು ಹಿಂಗೆ ಅಂತ ಅಂದ್ಕೊಂಡೇ ಮನೆ ಬಾಗಿಲು ತಟ್ಟುತ್ತಾರೆ. ಆ ತಾಯಿ ಮಾತ್ರ ಅದನ್ನ ಓದಿರಲ್ಲ.

ನಂಗಿದು ಗೊತ್ತಾಗಿದ್ದು ನನ್ನದೇ ತಪ್ಪಿಂದ. ಮೊದಲನೇ ವರ್ಷದ ಪ್ಲೇಸ್‌ಮೆಂಟಲ್ಲಿ, ಮಕ್ಕಳ ಬಗ್ಗೆ ದೂರು ಬಂದಿದ್ದ ಒಬ್ಬ ತಾಯಿ ಮನೆಗೆ ಹೋಗಿದ್ದೆ, ಹೇಳದೇ ಕೇಳದೇ ಸಂಜೆ ಹೊತ್ತಲ್ಲಿ, ಅವ್ರು ಆಗಷ್ಟೇ ನರ್ಸಿಂಗ್ ಹೋಮ್ ಶಿಫ್ಟ್ ಮುಗಿಸಿ ಎರಡು ಬಸ್ ಬದಲಾಯಿಸ್ಕೊಂಡು ಬಂದು ಅಡಿಗೆಗೆ ಇಟ್ಟಿದ್ರು, ನನ್ನನ್ನ ನೋಡಿ ಗಂಟಲು ಎತ್ತರಿಸಿ ಮತ್ತೆ ಯಾರು ಕಂಪ್ಲೇಂಟ್ ಕೊಟ್ರು ಅಂತ ಕೇಳಿದ್ರು. ನಾನು ಆಫೀಸಿಗೆ ವಾಪಸ್ ಬಂದು ಬರೆದೆ, ತಾಯಿ ಸಿಟ್ಟಿನ ಸ್ವಭಾವದವರು, ಸಹಕರಿಸಲಿಲ್ಲ ಅಂತ. ಆಮೇಲೆ ಬಂದ ಮೂರು ರಿಪೋರ್ಟಲ್ಲಿ ಅದೇ ಸಾಲು ಕಾಪಿ ಆಗಿ ಕೂತಿತ್ತು. ಮೂರನೇದ್ರಲ್ಲಿ ಅದು ಸಿಟ್ಟು ನಿಯಂತ್ರಣದ ಸಮಸ್ಯೆ ಇದೆ ಅಂತ ಬೆಳೆದಿತ್ತು. ಯಾರೂ ಹೊಸದಾಗಿ ಏನೂ ನೋಡಿರ್ಲಿಲ್ಲ, ನನ್ನ ಸಾಲನ್ನ ಮಾತ್ರ ನೋಡಿದ್ರು.

ಮನೆಗೆ ಹೋಗೋಕೆ ಮುಂಚೆ

ಇತಿಹಾಸ ತಿಳ್ಕೊಂಡು ಹೋಗಿ, ಪರೀಕ್ಷೆಗಲ್ಲ, ನಿಮ್ಮನ್ನ ಬಾಗಿಲಲ್ಲಿ ನೋಡಿದ ತಕ್ಷಣ ಆ ಮುಖ ಯಾಕೆ ಗಟ್ಟಿ ಆಗುತ್ತೆ ಅಂತ ಅರ್ಥ ಆಗೋಕೆ. 2014ರಲ್ಲಿ ಇಲ್ಲಿನ ಒಂದು ದೊಡ್ಡ ಪತ್ರಿಕೆ ಲೆಕ್ಕ ಹಾಕಿ ಬರೀತು, ಟೊರಾಂಟೋದ ಚಿಲ್ಡ್ರನ್ಸ್ ಏಡ್ ಸೊಸೈಟಿ (ಮಕ್ಕಳ ರಕ್ಷಣೆ ನೋಡ್ಕೊಳ್ಳೋ, ಬೇಕಾದ್ರೆ ಮಗುನ ಮನೆಯಿಂದ ತಗೊಂಡು ಹೋಗೋ ಸಂಸ್ಥೆ) ಸುಪರ್ದಿಯಲ್ಲಿರೋ ಮಕ್ಕಳಲ್ಲಿ ಶೇಕಡಾ 41 ಕಪ್ಪು ಮಕ್ಕಳು, ಊರಿನ ಒಟ್ಟು ಮಕ್ಕಳಲ್ಲಿ ಅವರು ಇರೋದು ಶೇಕಡಾ 8ರ ಆಸುಪಾಸು. 2018ರಲ್ಲಿ ಒಂಟಾರಿಯೋ ಮಾನವ ಹಕ್ಕುಗಳ ಆಯೋಗ ಇಡೀ ಪ್ರಾಂತ್ಯದ ಬೇರೆಬೇರೆ ಸೊಸೈಟಿಗಳ ಅಂಕಿ ತರಿಸಿ ನೋಡಿದಾಗ್ಲೂ, ಕಪ್ಪು ಮಕ್ಕಳನ್ನ ಮನೆಯಿಂದ ತಗೊಂಡು ಹೋಗೋ ಪ್ರಮಾಣ ಜನಸಂಖ್ಯೇಲಿ ಅವರ ಪಾಲಿಗಿಂತ 2.2 ಪಟ್ಟು ಹೆಚ್ಚು ಅಂತ ಬಂತು. ಇದು ಆ ಅಮ್ಮಂದಿರು ಕೆಟ್ಟವರು ಅನ್ನೋ ಲೆಕ್ಕ ಅಲ್ಲ, ಯಾರ ಮನೆ ಬಾಗಿಲನ್ನ ಯಾರು ಎಷ್ಟು ಸಲ ತಟ್ಟುತ್ತಾರೆ ಅನ್ನೋ ಲೆಕ್ಕ. ಸ್ಕೂಲಿಂದ ಫೋನ್ ಹೋಗುತ್ತೆ, ಪೊಲೀಸಿಂದ ಹೋಗುತ್ತೆ, ಆಸ್ಪತ್ರೆಯಿಂದ ಹೋಗುತ್ತೆ, ಫೋನ್ ಬಂದ ಮೇಲೆ ಫೈಲ್ ಓಪನ್ ಆಗುತ್ತೆ, ಫೈಲ್ ಇದೆ ಅನ್ನೋದೇ ಮುಂದಿನ ಸಲ ಅನುಮಾನಕ್ಕೆ ಕಾರಣ ಆಗುತ್ತೆ.

ಇನ್ನೂ ಹಿಂದಕ್ಕೆ ಹೋಗಿ. 1955ರಲ್ಲಿ ಕೆನಡಾ ಸರ್ಕಾರ ಜಮೈಕಾ, ಬಾರ್ಬಡೋಸ್‌ನಿಂದ ಹೆಣ್ಮಕ್ಕಳನ್ನ ಮನೆಗೆಲಸಕ್ಕೆ ಕರೆಸ್ಕೊಳ್ಳೋ ಸ್ಕೀಮ್ ಶುರು ಮಾಡ್ತು, ಮೊದಲ ವರ್ಷ 100 ಜನ. ಷರತ್ತು ಏನು ಗೊತ್ತಾ, ವಯಸ್ಸು 18ರಿಂದ 35, ಮದುವೆ ಆಗಿರಬಾರದು, ಮಕ್ಕಳಿರಬಾರದು. ಮಕ್ಕಳಿದ್ದವರು ಬಚ್ಚಿಟ್ಟು ಬಂದ್ರು, ಅಜ್ಜಿ ಹತ್ರ ಬಿಟ್ಟು ಬಂದ್ರು, ಆಮೇಲೆ 1970ರ ದಶಕದ ಕೊನೇಲಿ ಹಂಗೆ ಬಂದಿದ್ದ ಏಳು ಜಮೈಕಾ ತಾಯಂದಿರನ್ನ ಮಕ್ಕಳ ವಿಷಯ ಹೇಳ್ಲಿಲ್ಲ ಅಂತ ಗಡೀಪಾರು ಮಾಡೋಕೆ ಹೊರಟಾಗ ದೊಡ್ಡ ಹೋರಾಟ ಆಯ್ತು, ಕೊನೆಗೆ ಅವರು ಇಲ್ಲೇ ಉಳ್ಕೊಂಡ್ರು. ಅಂದ್ರೆ ತಾಯಿ ಮಗುವನ್ನ ದೂರ ಇಡೋ ಕೆಲಸವನ್ನ ಸರ್ಕಾರಾನೇ ನೀತಿ ಅಂತ ಮಾಡಿತ್ತು. ಇವತ್ತು ಯಾವುದೋ ಫೈಲಲ್ಲಿ ಅಜ್ಜಿ ಹತ್ರ ಬೆಳೆದವಳು, ತಾಯಿ ಜೊತೆ ಬಾಂಧವ್ಯ ದುರ್ಬಲ ಅಂತ ಓದಿದಾಗ ಈ 1955 ನೆನಪಿರಲಿ. ಕೆನಡಾದ ಪೂರ್ವ ತೀರದ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿದ್ದ ಕಪ್ಪು ಜನರ ಊರು ಆಫ್ರಿಕ್‌ವಿಲ್ ಕಥೆ ಕೂಡ ಓದಿ, ಹ್ಯಾಲಿಫ್ಯಾಕ್ಸ್ ನಗರಸಭೆ ನೀರು ಒಳಚರಂಡಿ ಕೊಡದೇ ಇಟ್ಟಿದ್ದ ಊರನ್ನ ಕೊಳೆಗೇರಿ ಅಂತ ಕರೆದು 1960ರ ದಶಕದಲ್ಲಿ ಮನೆ, ಚರ್ಚು ಎಲ್ಲಾ ಬುಲ್ಡೋಜ್ ಮಾಡಿ 2010ರಲ್ಲಿ ಕ್ಷಮೆ ಕೇಳ್ತು.

ಕಪ್ಪು ಸಮುದಾಯ ಅಂತ ಒಂದೇ ಪದದಲ್ಲಿ ಹೇಳ್ತೀವಿ, ಅದ್ರೊಳಗೆ ಇನ್ನೂರು ವರ್ಷಕ್ಕಿಂತ ಹೆಚ್ಚು ಇಲ್ಲೇ ಇರೋ ನೋವಾ ಸ್ಕೋಷಿಯಾದವರೂ ಇದಾರೆ, ಜಮೈಕಾ ಟ್ರಿನಿಡಾಡಿನವರೂ ಇದಾರೆ, 90ರ ದಶಕದಲ್ಲಿ ಯುದ್ಧದಿಂದ ಓಡಿ ಬಂದ ಸೊಮಾಲಿಗಳು, ಘಾನಾ ನೈಜೀರಿಯಾ ಇಥಿಯೋಪಿಯಾದವರು, ಮುಸ್ಲಿಮರು, ಪೆಂಟೆಕೋಸ್ಟಲ್‌ಗಳು, ಎಲ್ಲಾ. 2021ರ ಜನಗಣತಿ ಪ್ರಕಾರ ದೇಶದಲ್ಲಿ ಸುಮಾರು 15 ಲಕ್ಷ ಜನ. ನಮ್ಮನ್ನ ಮದ್ರಾಸಿ ಅಂತ ಒಂದೇ ಮೂಟೆ ಕಟ್ಟಿದಾಗ ನಮಗೆ ಹೆಂಗಾಗುತ್ತೆ, ಅದನ್ನ ನೆನೆಸ್ಕೊಂಡು ಪ್ರತಿ ಕುಟುಂಬವನ್ನೂ ನೀವು ಎಲ್ಲಿಯವರು, ನಿಮ್ಮನ್ನ ಏನಂತ ಬರೀಲಿ ಅಂತ ಕೇಳಿ ಬರೀರಿ.

ನಮ್ಮ ಮನೆ ಮಾತು

ಇದನ್ನ ಹೇಳ್ದೆ ಮುಂದಕ್ಕೆ ಹೋಗೋಕಾಗಲ್ಲ. ನಮ್ಮ ಮನೆಗಳಲ್ಲಿ ಇವರ ಬಗ್ಗೆ ಕರಿಯರು ಅಂತಾನೇ ಮಾತಾಡೋದು, ಹಳೇ ಪುಸ್ತಕದ ನೀಗ್ರೋ ಅನ್ನೋ ಪದ ಇನ್ನೂ ಕೆಲವರ ಬಾಯಲ್ಲಿ ಇದೆ, ಬ್ರ್ಯಾಂಪ್ಟನ್ನಲ್ಲಿ ಬೇಸ್‌ಮೆಂಟ್ ಬಾಡಿಗೆಗೆ ಕೊಡೋವಾಗ ಅವರಿಗೆ ಬೇಡ ಅಂತ ಪಾಟ್‌ಲಕ್ ಊಟದ ಮಧ್ಯೆ ಸಲೀಸಾಗಿ ಹೇಳೋ ಜನ ನಮ್ಮವ್ರೇ. ಮಗು ಹುಟ್ಟಿದ್ರೆ ಬಣ್ಣ ಹೆಂಗಿದೆ ಅಂತ ಮೊದಲು ಕೇಳೋ ಊರಿಂದ ಬಂದೋರು ನಾವು. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಾಡಂಚಲ್ಲಿ ಶತಮಾನಗಳಿಂದ ಇರೋ, ನಮ್ಮದೇ ಕನ್ನಡ ಕೊಂಕಣಿ ಆಡೋ ಆಫ್ರಿಕಾ ಮೂಲದ ಸಿದ್ದಿ ಜನಾನ ಬೆಂಗಳೂರು ಬಸ್ ಸ್ಟ್ಯಾಂಡಲ್ಲಿ ನೀವು ಯಾವ ದೇಶ ಅಂತ ಕೇಳೋರು ನಾವು, ಅವರಿಗೆ ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡ ಅಂತ ಮಾನ್ಯತೆ ಸಿಕ್ಕಿದ್ದೇ 2003ರಲ್ಲಿ. ಇದೆಲ್ಲಾ ನಿಮ್ಮ ತಲೇಲಿ ಇಲ್ಲ ಅಂತ ಅಂದ್ಕೋಬೇಡಿ. ನಂಗೂ ಇತ್ತು. ಆ ಸಂಜೆ ಗಂಟಲು ಎತ್ತರಿಸಿದ್ದು ನಮ್ಮ ಚಿಕ್ಕಮ್ಮ ಆಗಿದ್ರೆ ಸಿಟ್ಟಿನ ಸ್ವಭಾವ ಅಂತ ಬರೀತಿರ್ಲಿಲ್ಲ, ಪಾಪ ದಣಿದಿದ್ರು ಅಂತ ಬರೀತಿದ್ದೆ.

ಇನ್ನೊಂದು ಕಡೆಯಿಂದ ನೋಡಿದ್ರೆ ನಮಗೆ ಒಂದು ದಾರೀನೂ ಇದೆ. ಜಾತಿ ಹೆಂಗೆ ಕೆಲಸ ಮಾಡುತ್ತೆ ಅಂತ ಗೊತ್ತಿರೋರಿಗೆ ಇದನ್ನ ಅರ್ಥ ಮಾಡ್ಕೊಳ್ಳೋದು ಕಷ್ಟ ಅಲ್ಲ. 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್‌ಗೆ ಪತ್ರ ಬರೆದು ನಿಮ್ಮ ಜನರ ಸ್ಥಿತಿಗೂ ನಮ್ಮ ಅಸ್ಪೃಶ್ಯರ ಸ್ಥಿತಿಗೂ ಇರೋ ಹೋಲಿಕೆ ಬಗ್ಗೆ ಹೇಳಿದ್ರು, 1972ರಲ್ಲಿ ಬಾಂಬೆಯ ದಲಿತ ಯುವಕರು ಅಮೆರಿಕದ ಕಪ್ಪು ಹೋರಾಟಗಾರರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರನ್ನೇ ತಗೊಂಡು ದಲಿತ್ ಪ್ಯಾಂಥರ್ಸ್ ಕಟ್ಟಿದ್ರು. 2023ರಲ್ಲಿ ಟೊರಾಂಟೋ ಸ್ಕೂಲ್ ಬೋರ್ಡ್ ಜಾತಿ ತಾರತಮ್ಯದ ವಿಷಯ ಎತ್ತಿತು, ಅದೇ ವರ್ಷ ಒಂಟಾರಿಯೋ ಮಾನವ ಹಕ್ಕು ಆಯೋಗ ಜಾತಿ ಬಗ್ಗೆ ತನ್ನ ನಿಲುವು ಹೊರಡಿಸ್ತು. ಆದ್ರೆ ಒಂದು ಎಚ್ಚರಿಕೆ, ಮೇಲ್ಜಾತಿಯಿಂದ ಬಂದವರು ಕ್ಲೈಂಟ್ ಮುಂದೆ ಕೂತು ನಮ್ಮಲ್ಲೂ ಹಿಂಗೇ ಇದೆ ಅಂತ ಶುರು ಹಚ್ಕೋಬೇಡಿ, ಆ ನೋವು ನಿಮ್ಮದಲ್ಲ, ಅವರು ಬಂದಿರೋದು ನಿಮ್ಮ ಕಥೆ ಕೇಳೋಕೂ ಅಲ್ಲ.

ಮನೆ ಒಳಗೆ

ಫೋನ್ ಮಾಡಿ ಹೋಗಿ, ಕಾನೂನು ಪ್ರಕಾರ ಹೇಳದೇ ಹೋಗಲೇಬೇಕಾದ ಸಂದರ್ಭ ಬಿಟ್ಟು. ಚಪ್ಪಲಿ ಬಿಚ್ಚಿ ಒಳಗೆ ಹೋಗಿ. ಯಾರು ಕಂಪ್ಲೇಂಟ್ ಕೊಟ್ಟಿದಾರೆ ಅಂತ ಹೇಳೋಕಾಗಲ್ಲ, ಆದ್ರೆ ಏನಂತ ಕಂಪ್ಲೇಂಟ್ ಇದೆ, ನಾನು ಏನು ಮಾಡಬಲ್ಲೆ, ಏನು ಮಾಡೋಕೆ ನಂಗೆ ಅಧಿಕಾರ ಇಲ್ಲ, ನಿಮಗೆ ಲಾಯರ್ ಇಟ್ಕೊಳ್ಳೋ ಹಕ್ಕಿದೆ, ಇದಿಷ್ಟನ್ನ ಮೊದಲ ಐದು ನಿಮಿಷದಲ್ಲೇ ಹೇಳಿ. ತುಂಬಾ ವರ್ಕರ್‌ಗಳು ಸ್ನೇಹದ ಮುಖ ಹಾಕ್ಕೊಂಡು ಸುಮ್ನೆ ಮಾತಾಡೋಣ ಅಂತ ಕೂತು ಆಮೇಲೆ ಅದನ್ನೆಲ್ಲಾ ಬರೀತಾರೆ, ಅದಕ್ಕಿಂತ ದೊಡ್ಡ ಮೋಸ ಇಲ್ಲ ಅಂತ ನನ್ನ ಅಭಿಪ್ರಾಯ. ಫ್ರಿಜ್ ನೋಡ್ಬೇಕು ಅಂದ್ರೆ ಯಾಕೆ ಅಂತ ಹೇಳಿ, ಅವರೇ ತೆಗೆದು ತೋರಿಸ್ಲಿ.

ಕಣ್ಣಿಗೆ ಕಾಣೋದನ್ನ ಸರಿಯಾಗಿ ಗುರುತಿಸೋದು ಕಲೀರಿ. ಕೂಸುಗಳ ಬೆನ್ನು ಕುಂಡೆ ಮೇಲೆ ಹುಟ್ಟಿನಿಂದ ಇರೋ ನೀಲಿ ಮಚ್ಚೆ ನಮ್ಮ ಮಕ್ಕಳಲ್ಲೂ ಇರುತ್ತೆ, ಕಪ್ಪು ಮಕ್ಕಳಲ್ಲಿ ತುಂಬಾ ಸಾಮಾನ್ಯ, ಅದನ್ನ ಏಟಿನ ಗುರುತು ಅಂತ ತಪ್ಪು ತಿಳ್ಕೊಳ್ಳೋದು ನಡೀತಾನೇ ಇರುತ್ತೆ. ಏಟಿನ ಗುರುತು ದಿನ ಕಳೆದ ಹಾಗೆ ಬಣ್ಣ ಬದಲಾಯಿಸಿ ಮಾಯ ಆಗುತ್ತೆ, ಇದು ಅಷ್ಟು ಬೇಗ ಬದಲಾಗಲ್ಲ, ಹಂಗಾಗಿ ಅನುಮಾನ ಇದ್ರೆ ಹುಟ್ಟಿದಾಗಿನ ಆಸ್ಪತ್ರೆ ದಾಖಲೆ ಕೇಳಿ, ಗೊತ್ತಿರೋ ಡಾಕ್ಟ್ರಿಗೆ ತೋರಿಸಿ. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆ ಇರೋ ಹುಡುಗ ನೋವಿನಿಂದ ಒದ್ದಾಡ್ತಾ ಎಮರ್ಜೆನ್ಸಿಗೆ ಹೋದ್ರೆ ಮಾತ್ರೆ ಚಟಕ್ಕೆ ಬಂದಿದಾನೆ ಅಂತ ಕೂರಿಸಿರ್ತಾರೆ, ಅಲ್ಲಿ ನಿಮ್ಮ ಕೆಲಸ ಜೊತೆಗೆ ಹೋಗಿ ನಿಂತ್ಕೊಳ್ಳೋದು. ಕೂದಲಿನ ವಿಷಯ ಇನ್ನೂ ಸೂಕ್ಷ್ಮ. ಸುರುಳಿ ಕೂದಲನ್ನ ದಿನಾ ತೊಳೆದ್ರೆ ಒಣಗಿ ಮುರಿಯುತ್ತೆ, ವಾರಕ್ಕೊಮ್ಮೆನೋ ಎರಡು ವಾರಕ್ಕೊಮ್ಮೆನೋ ತೊಳೆದು, ಎಣ್ಣೆ ಶಿಯಾ ಬಟರ್ ಹಚ್ಚಿ, ಹೆಣೆದು, ರಾತ್ರಿ ಸ್ಯಾಟಿನ್ ಬಟ್ಟೆ ಕಟ್ಟಿ ಮಲಗಿಸ್ತಾರೆ, ಒಂದು ತಲೆ ಹೆಣೆಯೋಕೆ ಮೂರು ನಾಲ್ಕು ಗಂಟೆ ಕೂರ್ಬೇಕು. ಅಜ್ಜಿ ಹತ್ರ ಕೂತು ಎಣ್ಣೆ ಹಚ್ಚಿಸ್ಕೊಂಡು ಜಡೆ ಹಾಕಿಸ್ಕೊಂಡ ನಮಗೆ ಅದು ಎಂಥಾ ಪ್ರೀತಿ ಅಂತ ಹೇಳ್ಕೊಡಬೇಕಾಗಿಲ್ಲ. ಅದನ್ನ ಸ್ವಚ್ಛತೆ ಇಲ್ಲ ಅಂತ ಬರೆದಿರೋ ನೋಟ್ ನಾನು ಓದಿದೀನಿ. ಮಗು ಫಾಸ್ಟರ್ ಮನೇಲಿದ್ರೆ (ಅಂದ್ರೆ ಸೊಸೈಟಿ ಇರಿಸಿದ ಬೇರೆಯವರ ಮನೇಲಿ) ತಲೆ ಯಾರು ಹೆಣೀತಾರೆ, ದುಡ್ಡು ಯಾರು ಕೊಡ್ತಾರೆ ಅಂತ ಮೊದಲನೇ ವಾರದಲ್ಲೇ ಬರವಣಿಗೇಲಿ ಮಾಡಿಸ್ಕೊಳಿ.

ಬರೆಯೋವಾಗ

ಇಲ್ಲಿ ನಿಧಾನ ಮಾಡಿ, ಎಲ್ಲಾ ಇರೋದು ಇಲ್ಲೇ. ಮೊದಲನೇ ನಿಯಮ, ಸ್ವಭಾವ ಬರೀಬೇಡಿ, ಕಂಡಿದ್ದು ಕೇಳಿದ್ದು ಬರೀರಿ. ಸಿಟ್ಟಿನ ಸ್ವಭಾವ ಅನ್ನೋ ಬದಲು, ಸಂಜೆ 6:40ಕ್ಕೆ ಮುಂಚೆ ತಿಳಿಸದೇ ಭೇಟಿ ಕೊಟ್ಟೆ, ತಾಯಿ ಹತ್ತು ಗಂಟೆ ಶಿಫ್ಟಿಂದ ಆಗ ತಾನೇ ಬಂದಿದ್ರು, ಯಾರು ದೂರು ಕೊಟ್ಟಿದ್ದು ಅಂತ ಎತ್ತರದ ದನಿಯಲ್ಲಿ ಎರಡು ಸಲ ಕೇಳಿದ್ರು, ನಾನು ಉತ್ತರ ಕೊಡೋಕಾಗಲ್ಲ ಅಂದೆ, ಆಮೇಲೆ ಒಳಗೆ ಕರೆದ್ರು, ಮಕ್ಕಳು ಅನ್ನ ಬೀನ್ಸ್ ಊಟ ಮಾಡ್ತಿದ್ರು ಅಂತ ಬರೀರಿ. ನೋಡಿ, ಒಂದೇ ಸಂಜೆ, ಆದ್ರೆ ಇದನ್ನ ಓದೋ ಜಡ್ಜಿಗೆ ಬೇರೆ ಮನುಷ್ಯಳು ಕಾಣ್ತಾಳೆ. ನಿಮ್ಮ ತಪ್ಪೂ ಅದ್ರಲ್ಲಿ ಕಾಣುತ್ತೆ, ಕಾಣ್ಲಿ.

ಅಪಾಯಿಂಟ್ಮೆಂಟ್ ತಪ್ಪಿಸಿದ್ರು ಅಂತ ಬರೆಯೋ ಮುಂಚೆ ಆ ಅಪಾಯಿಂಟ್ಮೆಂಟ್ ಯಾರು ಯಾವ ಟೈಮಿಗೆ ಇಟ್ಟಿದ್ದು, ಅಲ್ಲಿಗೆ ಎಷ್ಟು ಬಸ್, ಕೆಲಸಕ್ಕೆ ರಜಾ ಹಾಕಿದ್ರೆ ಸಂಬಳ ಕಟ್ ಆಗುತ್ತಾ ಅಂತ ಕೇಳಿ ಅದನ್ನೂ ಬರೀರಿ. ಹಳೇ ಫೈಲಿಂದ ಕಾಪಿ ಪೇಸ್ಟ್ ಮಾಡಲೇಬೇಡಿ, ಹಳೇ ಮಾತು ಹಾಕಬೇಕಾದ್ರೆ ಯಾರು ಯಾವಾಗ ಬರೆದಿದ್ದು, ನಾನು ಇದನ್ನ ಸ್ವತಃ ನೋಡಿಲ್ಲ ಅಂತ ಸೇರಿಸಿ. ಸಾಮರ್ಥ್ಯ ಅಂತ ಒಂದು ಕಾಲಂ ಇರುತ್ತೆ, ಅದನ್ನ ತಾಯಿ ಮಕ್ಕಳನ್ನ ಪ್ರೀತಿಸ್ತಾರೆ ಅಂತ ಒಂದು ಸಾಲಲ್ಲಿ ಮುಗಿಸಬೇಡಿ. ಚರ್ಚಿನ ಆಂಟಿ ವಾರಕ್ಕೆ ಎರಡು ದಿನ ಮಕ್ಕಳನ್ನ ನೋಡ್ಕೊಳ್ತಾರೆ, ಅಜ್ಜಿ ಬೆಳಿಗ್ಗೆ ವಿಡಿಯೋ ಕಾಲಲ್ಲಿ ಎಬ್ಬಿಸಿ ಸ್ಕೂಲಿಗೆ ರೆಡಿ ಮಾಡಿಸ್ತಾರೆ, ಇಂಥವು ಬರೀರಿ, ಯಾಕಂದ್ರೆ ಮಗುನ ಎಲ್ಲಾದ್ರೂ ಇಡಬೇಕು ಅಂತ ಬಂದ ದಿನ ಅಪರಿಚಿತರ ಮನೆಗೆ ಮುಂಚೆ ಆ ಆಂಟಿ ಹೆಸರು ಫೈಲಲ್ಲಿ ಇರ್ಬೇಕು. ಬರೆದಾದ್ಮೇಲೆ ಸಾಧ್ಯ ಆದಷ್ಟು ಸಲ ಅವರಿಗೇ ಓದಿ ಹೇಳಿ. ಓದಿ ಹೇಳೋಕೆ ನಾಚಿಕೆ ಆಗೋ ಸಾಲು ಇದ್ರೆ ಅದನ್ನ ತೆಗೀರಿ.

ಇದೇ ಪೆನ್ನು ಇನ್ನೊಂದು ಥರಾನೂ ಕೆಲಸ ಮಾಡುತ್ತೆ. ನೋವಾ ಸ್ಕೋಷಿಯಾದಲ್ಲಿ ಕಪ್ಪು ಸಮುದಾಯದ ಸೋಶಿಯಲ್ ವರ್ಕರ್‌ಗಳೇ ಬೆಳೆಸಿದ ಒಂದು ಪದ್ಧತಿ ಇದೆ, ಶಿಕ್ಷೆ ಕೊಡೋ ಮುಂಚೆ ಜಡ್ಜಿಗೆ ಆ ಮನುಷ್ಯ ಬೆಳೆದ ಊರು, ಸ್ಕೂಲು, ಪೊಲೀಸು, ಜನಾಂಗಭೇದ ಅವನ ಬದುಕನ್ನ ಹೆಂಗೆ ಒತ್ತಿತು ಅಂತ ಬರೆದು ಕೊಡೋ ವರದಿ. 2021ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟ್ ಆಂಡರ್ಸನ್ ಕೇಸಲ್ಲಿ ಇಂಥ ವರದಿಗೆ ದೊಡ್ಡ ತೂಕ ಕೊಡ್ತು, ಅದೇ ವರ್ಷ ಒಂಟಾರಿಯೋದಲ್ಲಿ ಮಾರಿಸ್ ಕೇಸಲ್ಲೂ ಇದ್ರ ಚರ್ಚೆ ಆಯ್ತು. ಆ ಪ್ರಾಂತ್ಯದಲ್ಲಿ 1979ರಲ್ಲೇ ಕಪ್ಪು ಸೋಶಿಯಲ್ ವರ್ಕರ್‌ಗಳ ಸಂಘ ಕಟ್ಟಿದವರಲ್ಲಿ ಒಬ್ಬರಾದ ವಾಂಡಾ ಥಾಮಸ್ ಬರ್ನಾರ್ಡ್ 2016ರಲ್ಲಿ ಸೆನೆಟರ್ ಆದ್ರು. ಈ ವಿಷಯದಲ್ಲಿ ನಮಗೆ ಗುರುಗಳು ಅವರು, ಪಠ್ಯಪುಸ್ತಕ ಆಮೇಲೆ.

ಫೋನ್ ಎತ್ತೋ ಮುಂಚೆ

ಮಗುಗೆ ಅಪಾಯ ಇದೆ ಅಂತ ಅನುಮಾನ ಪಡೋಕೆ ಸಮಂಜಸ ಕಾರಣ ಇದ್ರೆ ಒಂಟಾರಿಯೋ ಕಾನೂನಿನ ಪ್ರಕಾರ ನೀವೇ ಖುದ್ದಾಗಿ ರಿಪೋರ್ಟ್ ಮಾಡ್ಲೇಬೇಕು, ಬೇರೆಯವರ ಮೇಲೆ ಹಾಕೋ ಹಾಗಿಲ್ಲ, ಇದ್ರಲ್ಲಿ ರಾಜಿ ಬೇಡ, ಹೊಡೆತ ತಿನ್ನೋ ಮಗು ಯಾವ ಬಣ್ಣದ್ದಾದ್ರೂ ಮಗುನೇ. ಆದ್ರೆ ಬರೋ ಎಷ್ಟೋ ಕಾಲ್‌ಗಳಲ್ಲಿ ಇರೋದು ಬಡತನ. ಚಳಿಗೆ ಜಾಕೆಟ್ ಇಲ್ಲ, ಊಟದ ಡಬ್ಬಿ ಖಾಲಿ, ಒಂದೇ ರೂಮಲ್ಲಿ ನಾಲ್ಕು ಜನ. ನಂಗೆ ನಾನೇ ಕೇಳ್ಕೊಳ್ಳೋ ಪ್ರಶ್ನೆ, ಈ ಮನೆಗೆ ಇವತ್ತು ಇನ್ನೂರು ಡಾಲರ್ ಕೊಟ್ರೆ ಈ ಸಮಸ್ಯೆ ಹೋಗುತ್ತಾ? ಹೋಗುತ್ತೆ ಅಂದ್ರೆ ಆ ಇನ್ನೂರು ಡಾಲರ್ ಹುಡುಕೋದು ನನ್ನ ಕೆಲಸ, ಜಾಕೆಟ್ ಹುಡುಕೋದು ನನ್ನ ಕೆಲಸ.

ಯಾರಿಗಾದ್ರೂ ಮನಸ್ಸು ಕೆಟ್ಟು ಗಾಬರಿಯಲ್ಲಿದ್ರೆ ಅಭ್ಯಾಸಬಲದಿಂದ 911 ಒತ್ತಬೇಡಿ, ಪೊಲೀಸ್ ಬಂದು ಕಪ್ಪು ಮನುಷ್ಯರು ಜೀವ ಕಳ್ಕೊಂಡಿರೋದು ಈ ಊರಲ್ಲೂ ಆಗಿದೆ. 2022ರಿಂದ ಟೊರಾಂಟೋ ಕಮ್ಯುನಿಟಿ ಕ್ರೈಸಿಸ್ ಸರ್ವಿಸ್ ಅಂತ ಇದೆ, 211ಕ್ಕೆ ಮಾಡಿದ್ರೆ ಪೊಲೀಸ್ ಅಲ್ಲದ ತರಬೇತಿ ಆದವರು ಬರ್ತಾರೆ. ತಕ್ಷಣ ಜೀವಕ್ಕೆ ಅಪಾಯ ಇದ್ರೆ ಮಾತ್ರ 911. ಹಾಗೇನೇ ಕಪ್ಪು ಸಮುದಾಯದವರೇ ನಡೆಸೋ ಜಾಗಗಳ ನಂಬರ್ ಫೋನಲ್ಲಿ ಇಟ್ಕೊಂಡಿರಿ, ಮಾಲ್ವರ್ನ್‌ನಲ್ಲಿ ತಾಯ್ಬು ಕಮ್ಯುನಿಟಿ ಹೆಲ್ತ್ ಸೆಂಟರ್, ಕಾನೂನು ಸಹಾಯಕ್ಕೆ ಬ್ಲ್ಯಾಕ್ ಲೀಗಲ್ ಆಕ್ಷನ್ ಸೆಂಟರ್. ನಂಬರ್ ಕೊಟ್ಟು ಕಳಿಸೋದಕ್ಕಿಂತ ಒಂದು ಸಲ ಜೊತೆಗೆ ಹೋಗಿ ಪರಿಚಯ ಮಾಡ್ಸಿ.

ಆಫೀಸೊಳಗೆ

ಕಪ್ಪು ಸಹೋದ್ಯೋಗಿ ಹತ್ರ ಹೋಗಿ ನಂಗೆ ಜನಾಂಗಭೇದ ಅರ್ಥ ಮಾಡ್ಸು ಅಂತ ಕೇಳಬೇಡಿ, ಅವರಿಗೆ ಅವರ ಕೇಸುಗಳೇ ಸಾಕಷ್ಟಿವೆ. ಸಮುದಾಯದ ಹಿರಿಯರನ್ನ ಮೀಟಿಂಗಿಗೆ ಕರೆದ್ರೆ ಕಾಫಿ ಕೊಟ್ಟು ಕಳಿಸೋದಲ್ಲ, ಅವರ ಟೈಮಿಗೆ ದುಡ್ಡು ಕೊಡ್ಬೇಕು, ಅವರು ಬೇಡ ಅಂದಿದ್ದು ನಿಲ್ಲಬೇಕು. ಒಂಟಾರಿಯೋದ ಚಿಲ್ಡ್ರನ್ಸ್ ಏಡ್ ಸೊಸೈಟಿಗಳ ಒಕ್ಕೂಟದಲ್ಲಿ ಒನ್ ವಿಷನ್ ಒನ್ ವಾಯ್ಸ್ ಅನ್ನೋ ಕಾರ್ಯಕ್ರಮ 2016ರಲ್ಲಿ ಸಮುದಾಯದ ಜೊತೆ ಕೂತು ಒಂದು ಪ್ರಾಕ್ಟೀಸ್ ಫ್ರೇಮ್‌ವರ್ಕ್ (ಕಪ್ಪು ಕುಟುಂಬಗಳ ಜೊತೆ ಹೆಂಗೆ ಕೆಲಸ ಮಾಡ್ಬೇಕು ಅನ್ನೋ ಮಾರ್ಗಸೂಚಿ) ಮಾಡಿದೆ, ನಿಮ್ಮ ಸೂಪರ್ವೈಸರ್ ಹತ್ರ ಅದನ್ನ ನಾವು ಎಲ್ಲೆಲ್ಲಿ ಪಾಲಿಸ್ತಾ ಇದೀವಿ ಅಂತ ಕೇಳಿ. ಸ್ಟೂಡೆಂಟ್ ಆಗಿ ಕೇಳೋದು ಕಷ್ಟ, ವೀಸಾ ಇದೆ, ಮಾರ್ಕ್ಸ್ ಇದೆ, ಗೊತ್ತು ನಂಗೆ. ಒಬ್ರೇ ಕೇಳಬೇಡಿ, ಇಬ್ರು ಮೂರು ಜನ ಸೇರಿ ಕೇಳಿ, ಇಮೇಲ್‌ನಲ್ಲಿ ಕೇಳಿ.

ಕೇಸ್ ಮುಚ್ಚೋ ದಿನ

ಮುಚ್ಚಿದೀವಿ ಅಂತ ಪತ್ರ ಕೊಟ್ಟೇ ಬನ್ನಿ, ಬಾಯಲ್ಲಿ ಹೇಳಿದ್ರೆ ಸಾಲದು, ಎಷ್ಟೋ ತಾಯಂದಿರು ವರ್ಷಗಟ್ಟಲೆ ಕಾಲಿಂಗ್ ಬೆಲ್ ಆದಾಗೆಲ್ಲಾ ಬೆಚ್ಚಿ ಬೀಳ್ತಿರ್ತಾರೆ. ಜೊತೆಗೆ ಇದನ್ನ ತಪ್ಪದೇ ಹೇಳಿ, 2020ರ ಜನವರಿ 1ರಿಂದ ಒಂಟಾರಿಯೋದ ಮಕ್ಕಳ ಸೇವಾ ಕಾಯ್ದೆಯ ಹತ್ತನೇ ಭಾಗ ಜಾರಿಯಲ್ಲಿದೆ, ಅದ್ರ ಪ್ರಕಾರ ತಮ್ಮ ಬಗ್ಗೆ ಬರೆದಿರೋ ದಾಖಲೆನ ಕೇಳಿ ಪಡೆಯೋ ಹಕ್ಕು ಅವರಿಗಿದೆ, ಸಾಮಾನ್ಯವಾಗಿ 30 ದಿನದೊಳಗೆ ಉತ್ತರ ಕೊಡ್ಬೇಕು, ತಪ್ಪಿದ್ರೆ ತಿದ್ದಿ ಅಂತ ಕೇಳ್ಬಹುದು, ತಿದ್ದಲ್ಲ ಅಂದ್ರೆ ನಾನು ಇದನ್ನ ಒಪ್ಪಲ್ಲ ಅಂತ ಬರೆದು ಆ ದಾಖಲೆಗೇ ಅಂಟಿಸೋಕೆ ಹೇಳ್ಬಹುದು. ಅರ್ಜಿ ಬರೆಯೋಕೆ ಕೂತು ಸಹಾಯ ಮಾಡಿ, ನಿಮ್ಮ ವಿರುದ್ಧ ಆದ್ರೂ.

ನಾನು ಆ ಸಾಲು ಬರೆದ ತಾಯಿಗೆ ಇದನ್ನ ಹೇಳಿದ್ದು ತುಂಬಾ ತಡವಾಗಿ, ಹೇಳಿದ ದಿನ ಆ ಸಾಲು ನಂದು ಅಂತಾನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಅರ್ಜಿ ಹಾಕಿದ್ರು, ನಾನೂ ನನ್ನ ಕಡೆಯಿಂದ ಅದು ನನ್ನ ತೀರ್ಮಾನ, ಕಂಡ ವಿಷಯ ಅಲ್ಲ ಅಂತ ಬರೆದು ಕೊಟ್ಟೆ. ಮೂಲ ಸಾಲು ಅಳಿಸಲ್ಲ ಅಂದ್ರು, ಹಂಗಾಗಿ ಅವರು ತಮ್ಮ ಮಾತನ್ನ ಒಂದು ಹಾಳೆಯಲ್ಲಿ ಬರೆದು ಅಂಟಿಸಿದ್ರು. ಆವತ್ತು ಎಷ್ಟು ಗಂಟೆ ಕೆಲಸ ಮಾಡಿದ್ದೆ, ಒಲೆ ಮೇಲೆ ಏನಿತ್ತು, ದೊಡ್ಡ ಮಗಳು ಬಾಗಿಲ ಹಿಂದೆ ನಿಂತು ಏನು ಕೇಳಿಸ್ಕೊಂಡಳು, ಎಲ್ಲಾ ಅದ್ರಲ್ಲಿದೆ. ಈಗ ಆ ಫೈಲ್ ತೆಗೆದವರು ನನ್ನ ಸಾಲು ಓದಿದ ಮೇಲೆ ಆ ಹಾಳೆಯನ್ನೂ ಓದಬೇಕು.